ಹತ್ತು ನಿಮಿಷದ ಹಾಜರಿ

ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಫೋಲ್ಡರುಗಳಿವೆ. ಒಂದರ ಹೆಸರು ‘ಪಾಠ’, ಇನ್ನೊಂದರ ಹೆಸರು ‘ಕಸ’. ಎರಡಕ್ಕೂ ಹೆಸರಿಟ್ಟವಳು ನಾನೇ. ಮೊದಲನೆಯದರಲ್ಲಿರುವುದು ದುಡ್ಡು ಕೊಟ್ಟು ತಂದ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿದ ಹತ್ತೊಂಬತ್ತು ಗಣಿತದ ಪಾಠಗಳು. ಎರಡನೆಯದರಲ್ಲಿರುವುದು ಬಿಟ್ಟಿ ಸಿಕ್ಕಿದ ಸಾಫ್ಟ್‌ವೇರಿನಲ್ಲಿ ಹಾಳಾಗಿಹೋದ ಏಳು ತುಣುಕುಗಳು. ಬದುಕಿಡೀ ಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಯಾವುದಕ್ಕೆ ಯಾವ ಪದ ಹೊಂದುತ್ತದೆ ಎನ್ನುವುದು ನನಗೆ ಗೊತ್ತು ಎಂಬ ಜಂಬ ಇತ್ತು. ಎರಡು ವರ್ಷದ ಹಿಂದೆ ಆ ಜಂಬ ಇಳಿಯಿತು.

ನಮ್ಮ ಮನೆಯವರು ಗಣಿತದ ಮೇಷ್ಟ್ರು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ಸೇರಿ ಅಲ್ಲೇ ನಿವೃತ್ತರಾದವರು. ನಾನು ಮಾಲೂರಿನಲ್ಲಿದ್ದೆ. ಇಬ್ಬರಿಗೂ ನಡುವೆ ಆಗಲಿ ಎಂದು ಕೋಲಾರದಲ್ಲಿ ಮನೆ ಮಾಡಿದೆವು. ಬೆಳಿಗ್ಗೆ ಬಸ್ ಸ್ಟ್ಯಾಂಡಿನವರೆಗೆ ಒಟ್ಟಿಗೆ ಹೋಗಿ, ಅಲ್ಲಿಂದ ಅವರು ಒಂದು ದಿಕ್ಕು, ನಾನು ಒಂದು ದಿಕ್ಕು. ಮಾವಿನ ಕಾಲದಲ್ಲಿ ಅವರ ಬಸ್ಸು ಸಂಜೆ ಹಿಂದಿರುಗಿದಾಗ ಕಂಡಕ್ಟರಿಂದ ಹಿಡಿದು ಎಲ್ಲರ ಮೈಯೂ ಮಾವಿನಕಾಯಿ ಸೊನೆಯ ವಾಸನೆ ಹೊಡೆಯುತ್ತಿತ್ತು. ಅಂಗಿ ಒಗೆಯುವಾಗ ಬಯ್ದುಕೊಳ್ಳುತ್ತಿದ್ದೆ. ಈಗ ಆ ವಾಸನೆ ಎಲ್ಲಾದರೂ ಬಂದರೆ ನಿಂತುಬಿಡುತ್ತೇನೆ.

ಅವರದ್ದು ಗಡಿಯ ಕಡೆಯ ಊರು. ಅವರ ಮನೆಯಲ್ಲಿ ಅಡುಗೆಮನೆಯ ಮಾತು ತೆಲುಗು, ಹೊರಬಾಗಿಲಿನ ಮಾತು ಕನ್ನಡ. ಒಂದೇ ವಾಕ್ಯವನ್ನು ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿಯುವುದರಲ್ಲಿ ಅವರದು ಎತ್ತಿದ ಕೈ. ನಾನು ಹೋಳೂರಿನವಳು. ನಮ್ಮ ಕಡೆಯೂ ತೆಲುಗು ಇಲ್ಲದೆ ಇಲ್ಲ, ಆದರೆ ಕನ್ನಡದ ಟೀಚರಾದ ಮೇಲೆ ನನಗೆ ಕೊಂಬು ಬಂದಿತ್ತು. ಮದುವೆಯಾದ ವಾರದಿಂದಲೇ ಅವರನ್ನು ತಿದ್ದಲು ಶುರುಮಾಡಿದೆ. ಊಟಕ್ಕೆ ಕೂತಾಗಲೂ ತಿದ್ದುತ್ತಿದ್ದೆ. ಅವರು ಬೇಜಾರು ಮಾಡಿಕೊಂಡದ್ದಿಲ್ಲ. “ನಿನ್ ಕ್ಲಾಸಲ್ಲಿ ನಾನು ಫೇಲೇ ಕಣೇ, ಬಿಟ್ಬಿಡು,” ಎಂದು ಇನ್ನೊಂದು ಮುದ್ದೆಗೆ ಕೈ ಚಾಚುತ್ತಿದ್ದರು.

ಒಮ್ಮೆ ನಮ್ಮ ಶಾಲೆಗೆ ರಜೆ ಇದ್ದು ಅವರ ಶಾಲೆಗೆ ಇರಲಿಲ್ಲ. ಹೊಸದಾಗಿ ಮದುವೆಯಾದ ಕುತೂಹಲ, ಅವರ ಜೊತೆ ಹೋದೆ. ಕಿಟಕಿಯ ಹೊರಗೆ ಹುಣಸೆಮರದ ನೆರಳಲ್ಲಿ ನಿಂತು ಅವರ ತರಗತಿ ನೋಡಿದೆ. ಹಿಂದಿನ ದಿನವಷ್ಟೇ ಮಕ್ಕಳು ತೊಂಡೆಸೊಪ್ಪು, ಇದ್ದಿಲು ಅರೆದು ಬಳಿದಿದ್ದರಿಂದ ಬೋರ್ಡು ಕಪ್ಪಗೆ ಮಿಂಚುತ್ತಿತ್ತು. ಅವರು ಮೂಲೆಯಲ್ಲಿ ತಾರೀಖು ಬರೆದರು. ಅದರ ಕೆಳಗೆ ‘ಒಟ್ಟು’, ಅದರ ಕೆಳಗೆ ‘ಹಾಜರಿ’ ಎಂದು ಬರೆದು ಮುಂದೆ ಜಾಗ ಬಿಟ್ಟರು. ಆಮೇಲೆ ಹಾಜರಿ ಶುರುವಾಯಿತು. ಹೆಸರು ಕೂಗುತ್ತಿರಲಿಲ್ಲ, ನಂಬರು ಕೂಗುತ್ತಿದ್ದರು. ಹೆಸರುಗಳು ಅವರ ತಲೆಯಲ್ಲಿ ನಿಲ್ಲುವುದೇ ಇಲ್ಲ. ನಂಬರು ಮಾತ್ರ ಕಲ್ಲಿನಲ್ಲಿ ಕೆತ್ತಿದ ಹಾಗೆ ಇರುತ್ತದೆ.

“ಒಂದು.” “ಎಸ್ ಸಾರ್.” ಮೇಜಿಗೆ ಬೆರಳಿನ ಗೆಣ್ಣಿನಿಂದ ಒಂದು ಕುಟ್ಟು. “ಎರಡು. ಏಮ್ರಾ, ನಿನ್ನ ಎಂದುಕು ರಾಲೇದು?” ನಿನ್ನೆ ಯಾಕೆ ಬರಲಿಲ್ಲ ಎಂದು ತೆಲುಗಿನಲ್ಲಿ ಕೇಳಿದರೆ ಹುಡುಗ ಟೊಮೇಟೊ ಬಿಡಿಸಲು ಹೋಗಿದ್ದೆ ಎನ್ನುತ್ತಾನೆ. ಎಷ್ಟು ಬುಟ್ಟಿ ಆಯಿತು, ಅಮ್ಮನ ಕಾಲು ನೋವು ಹೇಗಿದೆ, ಎಲ್ಲ ಆದ ಮೇಲೆ ಒಂದು ಕುಟ್ಟು. ಹೀಗೆ ನಲವತ್ತೆರಡು ಮಕ್ಕಳು. ಅರ್ಧ ಪೀರಿಯಡ್ಡು ಹಾಜರಿಗೇ ಹೋಯಿತು. ನನಗೆ ಮೈ ಉರಿದುಹೋಯಿತು. ವಾಪಸು ಬರುವಾಗ ಬಸ್ಸಿನಲ್ಲೇ ಕೇಳಿದೆ, ಇದೇನು ಹಾಜರಿಯೋ, ಹರಟೆಕಟ್ಟೆಯೋ ಎಂದು.

“ಲೇ, ಹುಳ ನಾಲ್ಕನೇ ಜ್ವರ ಎದ್ದಿರೋ ಮನೆ ಹುಡುಗಿ ರಾತ್ರಿಯೆಲ್ಲಾ ಸೊಪ್ಪು ಹಾಕಿರ್ತಾಳೆ. ಅವಳನ್ನ ಎಬ್ಬಿಸಿ ಬೋರ್ಡಿಗೆ ಕರೆದ್ರೆ ಏನಾಯ್ತದೆ? ಅಳ್ತಾಳೆ. ಯಾರನ್ನ ಇವತ್ತು ಕೇಳಬೇಕು, ಯಾರನ್ನ ಬಿಡಬೇಕು, ಹಾಜರಿ ಆಗ್ದೆ ನನಗೆ ಹೆಂಗೆ ಗೊತ್ತಾಗ್ಬೇಕು?” ಎಂದರು. ರೇಷ್ಮೆಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಆಗ ಅವು ತಿನ್ನುವುದಿಲ್ಲ. ಕಡೆಯ ಜ್ವರ ಎದ್ದ ಮೇಲೆ ಮಾತ್ರ ಎಷ್ಟು ಸೊಪ್ಪು ಹಾಕಿದರೂ ಸಾಲದು, ಮನೆಯವರೆಲ್ಲ ಕೈ ಹಾಕಬೇಕು. ರೇಷ್ಮೆ ಮನೆಗಳಲ್ಲಿ ಶಾಲೆಯ ಹಾಜರಿ ಹುಳುವಿನ ಹೊಟ್ಟೆಯ ಮೇಲೆ ನಿಂತಿರುತ್ತದೆ. ನನಗೆ ಅರ್ಥವಾಯಿತು, ಆದರೂ ಒಪ್ಪಲಿಲ್ಲ.

ನಿವೃತ್ತಿಯಾಗಿ ಕೆಲವು ವರ್ಷ ಕಳೆದಿತ್ತು. ಎರಡು ವರ್ಷದ ಹಿಂದೆ, ಸಂಕ್ರಾಂತಿ ಮುಗಿದ ಮೇಲೆ, ಅವರ ಗಂಟಲು ಕಟ್ಟಿತು. ಚಳಿಗೆ ಎಂದುಕೊಂಡು ಶುಂಠಿ, ಮೆಣಸು, ಜೇನು ಎಲ್ಲ ಮಾಡಿದೆ. ತಿಂಗಳಾದರೂ ಬಿಡಲಿಲ್ಲ. ಡಾಕ್ಟರು ಒಳಗೆ ನೋಡಿ, ಪರೀಕ್ಷೆಗೆ ಕಳಿಸಿ, ಕಡೆಗೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಪೆಟ್ಟಿಗೆಯನ್ನೇ ತೆಗೆಯಬೇಕು. ಪ್ರಾಣಕ್ಕೆ ಭಯ ಪಡಬೇಡಿ, ಆದರೆ ಮಾತು ಉಳಿಯುವುದಿಲ್ಲ. ಆಪರೇಷನ್ನಿಗೆ ಮೂರು ವಾರ ಇದೆ.

ಮನೆಗೆ ಬರುವ ದಾರಿಯಲ್ಲಿ ನಾನು ಸೆರಗು ಕಚ್ಚಿಕೊಂಡು ಕೂತಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತಾ, “ಮೂರು ವಾರ. ತ್ರಿಕೋನಮಿತಿ ಮುಗಿಸ್ಬೋದು,” ಎಂದರು. ಹತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾದ ಮಕ್ಕಳಿಗೆ ಅವರು ನಿವೃತ್ತಿಯ ನಂತರವೂ ನಮ್ಮ ಜಗಲಿಯಲ್ಲಿ ಪಾಠ ಹೇಳುತ್ತಿದ್ದರು. ಆ ಪಾಠಗಳನ್ನು ರೆಕಾರ್ಡ್ ಮಾಡಿಟ್ಟರೆ ತಾನು ಇಲ್ಲದಿದ್ದರೂ ಮಕ್ಕಳು ನೋಡಿಕೊಳ್ಳಬಹುದು ಎಂಬುದು ಅವರ ಲೆಕ್ಕ. ನನ್ನ ಲೆಕ್ಕ ಬೇರೆ. ನನಗೆ ತ್ರಿಕೋನಮಿತಿ ಬೇಕಿರಲಿಲ್ಲ. ಮನೆಯಲ್ಲಿ ಅವರ ದನಿ ಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, “ಹೌದು, ಮಕ್ಕಳಿಗೆ ಉಪಯೋಗ ಆಗುತ್ತೆ,” ಎಂದೆ.

ಮೊದಲು ಫೋನಿನಲ್ಲಿ ಪ್ರಯತ್ನಿಸಿದೆವು. ಫೋನನ್ನು ಕಾಫಿ ಲೋಟಕ್ಕೆ ಒರಗಿಸಿಟ್ಟು ಜಗಲಿಯ ಬೋರ್ಡಿನ ಮುಂದೆ ನಿಲ್ಲಿಸಿದೆ. ವಿಡಿಯೊ ಪೂರ್ತಿ ಅವರ ಬೆನ್ನು. ಬೆನ್ನಿನ ಆಚೆಗೆ ಎಲ್ಲೋ ಒಂದು ತ್ರಿಭುಜ ಇದೆ ಎಂದು ಊಹಿಸಬೇಕು. ಆಗ ನನಗೆ ನೆನಪಾದದ್ದು ನಮ್ಮ ಬೀದಿಯ ಕೊನೆಯಲ್ಲಿ ಜೆರಾಕ್ಸು, ಆನ್‌ಲೈನ್ ಅರ್ಜಿ ಎಲ್ಲ ಮಾಡಿಕೊಡುವ ಅಂಗಡಿ. ನಡೆಸುವವಳು ನಮ್ಮವರ ಹಳೆಯ ವಿದ್ಯಾರ್ಥಿನಿ. ರೇಷ್ಮೆ ಬೆಳೆಯುವ ಮನೆಯಿಂದ ಬಂದವಳು, ಕೋಲಾರದ ಹತ್ತಿರದ ಕ್ಯಾಲನೂರಿಗೆ ಮದುವೆಯಾಗಿ ಬಂದು, ಈಗ ಎರಡು ಮಕ್ಕಳ ತಾಯಿ. ನಮ್ಮವರಿಗೆ ಅವಳ ಹೆಸರು ಇವತ್ತಿಗೂ ಗೊತ್ತಿಲ್ಲ. ಅವರ ತರಗತಿಯಲ್ಲಿ ಅವಳ ನಂಬರು ಹದಿನೇಳು. ಅಂಗಡಿಯ ಮುಂದೆ ಹೋದಾಗಲೆಲ್ಲ, “ಏಮ್ಮಾ ಹದಿನೇಳು, ತಿನ್ನಾವಾ?” ಎಂದು ಊಟವಾಯಿತೇ ಎಂದು ಕೇಳುತ್ತಿದ್ದರು. ಸಾಲಿನಲ್ಲಿ ನಿಂತ ಜನ ನಗುತ್ತಿದ್ದರು. ಅವಳು ಮಾತ್ರ, “ಆಯ್ತು ಸಾರ್,” ಎಂದು ಎದ್ದು ನಿಂತು ಹೇಳುತ್ತಿದ್ದಳು.

ನಾವಿಬ್ಬರೂ ಹೋಗಿ ವಿಷಯ ಹೇಳಿದಾಗ ಅವಳು ಜೆರಾಕ್ಸ್ ಯಂತ್ರ ನಿಲ್ಲಿಸಿದಳು. ಆಮೇಲೆ ಕಣ್ಣೊರೆಸಿಕೊಂಡು ಕೆಲಸಕ್ಕೆ ಬಂದಳು. ಬೆನ್ನು ಕಾಣಬಾರದು ಎಂದರೆ ಸ್ಕ್ರೀನನ್ನೇ ರೆಕಾರ್ಡ್ ಮಾಡಬೇಕು. ತನ್ನ ಹತ್ತಿರ ಕಂಪ್ಯೂಟರಿಗೆ ಸಿಕ್ಕಿಸುವ ಬರೆಯುವ ಹಲಗೆ ಒಂದಿದೆ, ಕೊಡುತ್ತೇನೆ. ಅದರ ಮೇಲೆ ಸಾರ್ ಪೆನ್ನಿನಲ್ಲಿ ಬರೆದರೆ ಲ್ಯಾಪ್‌ಟಾಪಿನಲ್ಲಿ ಮೂಡುತ್ತದೆ. ಸಾಫ್ಟ್‌ವೇರು ಬರೆದದ್ದನ್ನೂ ಮಾತನ್ನೂ ಒಟ್ಟಿಗೆ ಹಿಡಿಯುತ್ತದೆ. ಇದಿಷ್ಟು ವಿವರಿಸಿ, “ಮೂರು ಥರ ಇದೆ ಮೇಡಂ. ಒಂದು ಪೂರ್ತಿ ಫ್ರೀ, ಆದ್ರೆ ಗುಂಡಿಗಳು ಜಾಸ್ತಿ. ಒಂದು ಅರ್ಧ ಫ್ರೀ, ಹತ್ತು ನಿಮಿಷಕ್ಕೆ ನಿಂತೋಗ್ತದೆ, ನಡುವೆ ಅವರ ಮುದ್ರೆ ಬೀಳ್ತದೆ. ಇನ್ನೊಂದು ದುಡ್ಡು ಕೊಟ್ಟು ತಗೋಳೋದು, ಏನೂ ತೊಂದ್ರೆ ಇರಲ್ಲ,” ಎಂದಳು.

ನಮ್ಮವರು ತಕ್ಷಣ, “ಫ್ರೀ ಸಿಗೋವಾಗ ದುಡ್ಡು ಯಾಕಮ್ಮ ಹಾಕ್ಬೇಕು?” ಎಂದರು. ಬೋರ್ಡಿಗೆ ಕೂಡ ತೊಂಡೆಸೊಪ್ಪಿನಲ್ಲೇ ಬಣ್ಣ ಮಾಡಿಸಿದ ಮನುಷ್ಯ, ಬೇರೆ ಏನು ಹೇಳಿಯಾರು.

ಪೂರ್ತಿ ಫ್ರೀ ಇರುವುದನ್ನು ಹಾಕಿಕೊಂಡು ಬಂದೆ. ತೆರೆದು ನೋಡಿದರೆ ತಲೆಬುಡ ತಿಳಿಯಲಿಲ್ಲ. ವಿಮಾನ ಹಾರಿಸುವವರ ಮುಂದೆ ಇರುವಷ್ಟು ಗುಂಡಿಗಳು. ಯಾವುದನ್ನೋ ಒತ್ತಿದೆ, ಕೆಂಪು ಚುಕ್ಕೆ ಬಂತು, ಆಯಿತು ಎಂದುಕೊಂಡೆ. ಅವರು ಮುಕ್ಕಾಲು ಗಂಟೆ ಕೂತು ಪಾಠ ಮಾಡಿದರು. ಕೊನೆಯಲ್ಲಿ ಗಂಟಲು ಪೂರ್ತಿ ಬಿದ್ದುಹೋಯಿತು. ಹಾಕಿ ನೋಡಿದರೆ ಪರದೆ ಕಪ್ಪು, ದನಿ ಇಲ್ಲ. ಮೈಕು ಯಾವುದು, ಯಾವ ಪರದೆ ಹಿಡಿಯಬೇಕು ಎಂದು ಅದಕ್ಕೆ ಮೊದಲೇ ಹೇಳಬೇಕಂತೆ. ಅದು ಯಾರಿಗೆ ಗೊತ್ತಿತ್ತು? ಉಳಿದಿರುವ ಮಾತೇ ಇಷ್ಟು, ಅದರಲ್ಲಿ ಮುಕ್ಕಾಲು ಗಂಟೆ ನನ್ನ ಕೈಯಿಂದ ಹೋಯಿತಲ್ಲ ಎಂದು ನಾನು ಅತ್ತೆ. ಅವರು ಪಿಸುದನಿಯಲ್ಲಿ, “ಬೋರ್ಡಂತೂ ಚೆನ್ನಾಗಿ ಕಪ್ಪಗೆ ಬಂದೈತೆ,” ಎಂದರು. ಅಳುತ್ತಲೇ ನಕ್ಕೆ.

ಅವತ್ತೇ ಅದನ್ನು ತೆಗೆದು, ಹತ್ತು ನಿಮಿಷದ ಅರ್ಧ ಫ್ರೀಯನ್ನು ಹಾಕಿದೆ. ಗುಂಡಿ ಒಂದೇ. ಒತ್ತಿದರೆ ಶುರು. ಮಾರನೆಯ ದಿನ ಬೆಳಿಗ್ಗೆ ಅವರು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಕೂತರು. ಅವರ ಮುಖ ವಿಡಿಯೊದಲ್ಲಿ ಬರುವುದಿಲ್ಲ ಎಂದರೂ ಕೇಳಲಿಲ್ಲ. ನಾನು ಗುಂಡಿ ಒತ್ತಿದೆ. ಅವರು ಹಲಗೆಯ ಮೇಲೆ ಪೆನ್ನಿಟ್ಟು, ಮೂಲೆಯಲ್ಲಿ ತಾರೀಖು ಬರೆದರು. ಕೆಳಗೆ ‘ಒಟ್ಟು 42’. ಕೆಳಗೆ ‘ಹಾಜರಿ’. ಮುಂದೆ ಜಾಗ ಬಿಟ್ಟರು. ಆಮೇಲೆ ಕತ್ತೆತ್ತಿ ಎದುರಿನ ಗೋಡೆ ನೋಡುತ್ತಾ, “ಒಂದು,” ಎಂದರು.

ನಾನು ದಂಗಾದೆ. ಎದುರಿಗೆ ಒಂದು ನರಪಿಳ್ಳೆ ಇಲ್ಲ. ಗೋಡೆಯಲ್ಲಿ ಕ್ಯಾಲೆಂಡರು ಇದೆ, ಅಷ್ಟೇ. ಅವರು ಉತ್ತರಕ್ಕೆ ಕಾಯುವಷ್ಟು ಹೊತ್ತು ಕಾದು, ಮೇಜಿಗೆ ಒಂದು ಕುಟ್ಟು ಕುಟ್ಟಿ, “ಎರಡು,” ಎಂದರು. ನಡುನಡುವೆ ನಿಂತು ಯಾವ ಯಾವ ವರ್ಷದ ಮಕ್ಕಳನ್ನೋ ವಿಚಾರಿಸಿಕೊಂಡರು. ಒಂಬತ್ತರ ತಾತ ಹೇಗಿದ್ದಾರೆ, ಹನ್ನೊಂದು ಮಾವಿನ ತೋಪಿನ ಕಾವಲಿಗೆ ಹೋಗುವುದು ಬಿಟ್ಟನೋ ಇಲ್ಲವೋ. ಇಪ್ಪತ್ತಾರನೇ ನಂಬರಿಗೆ ಬಂದಾಗ ಲ್ಯಾಪ್‌ಟಾಪು ಟಿಣ್ ಎಂದಿತು. ಸಮಯ ಮುಗಿದಿದೆ, ಮುಂದುವರಿಸಲು ಹಣ ಪಾವತಿಸಿ ಎಂದು ಬಂತು.

“ಏನಿದು, ಹತ್ತೇ ನಿಮಿಷಕ್ಕೆ ಬೆಲ್ ಹೊಡೀತಾನೆ ಇವನು?” ಎಂದು ಅವರು ಸಿಟ್ಟಾದರು.

“ನೀವು ಹಾಜರಿ ಯಾಕೆ ತಗೊಂಡ್ರಿ? ಯಾರಿದಾರೆ ಇಲ್ಲಿ?” ಎಂದು ನಾನು ಅವರಿಗಿಂತ ಜೋರಾಗಿ ಕೂಗಿದೆ.

ಅವರು ಪೆಚ್ಚಾದರು. ತಾನು ಹಾಜರಿ ತೆಗೆದುಕೊಂಡದ್ದು ನಾನು ಹೇಳುವವರೆಗೂ ಅವರಿಗೆ ಗೊತ್ತಾಗಿರಲಿಲ್ಲ. ಇನ್ನೊಮ್ಮೆ ಶುರುಮಾಡೋಣ, ಈ ಸಲ ನೇರ ಪಾಠ ಎಂದರು. ಗುಂಡಿ ಒತ್ತಿದೆ. ತಾರೀಖು, ಒಟ್ಟು, ಹಾಜರಿ. ಪೆನ್ನು ಎತ್ತಿ ಒಂದು ಗಳಿಗೆ ತಡೆದರು. ತಡೆಯಲಾಗಲಿಲ್ಲ. “ಒಂದು,” ಎಂದರು.

ಮೂರು ದಿನದಲ್ಲಿ ಏಳು ಸಲ ಹೀಗಾಯಿತು. ಒಂದು ಸಲವೂ ಇಪ್ಪತ್ತೆಂಟನೇ ನಂಬರು ದಾಟಲಿಲ್ಲ. ಜೊತೆಗೆ ಆ ಮುದ್ರೆಯ ಕಾಟ. ಪರದೆಯ ನಟ್ಟನಡುವೆ ಕಂಪನಿಯ ಗುರುತು ಬೂದಿಬಣ್ಣದಲ್ಲಿ ಬೀಳುತ್ತಿತ್ತು. ಮೊದಲ ದಿನ ಅದನ್ನು ಕೊಳೆ ಎಂದುಕೊಂಡು ಅವರು ಟವೆಲಿನ ತುದಿಯನ್ನು ನೀರಲ್ಲಿ ಅದ್ದಿ ಒರೆಸಿದ್ದರು. ಹೋಗಲಿಲ್ಲವೆಂದು ಉಜ್ಜಿದರು. “ಅದು ಒಳಗಿಂದ ಬಂದಿರೋದು ರೀ,” ಎಂದರೂ ನಂಬದೆ ಮತ್ತೊಮ್ಮೆ ಉಜ್ಜಿದರು. ಏಳನೆಯ ಸಲ ಟಿಣ್ ಎಂದಾಗ ನನ್ನ ತಾಳ್ಮೆ ಕೆಟ್ಟಿತು. ಏಳು ತುಣುಕನ್ನೂ ಒಂದು ಫೋಲ್ಡರಿಗೆ ತಳ್ಳಿ ‘ಕಸ’ ಎಂದು ಹೆಸರಿಟ್ಟು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟೆ. ಅವರೂ ಹಿಂದೆಯೇ ಬಂದರು.

“ದುಡ್ಡು ಕೊಡೋದೇ ಹಾಕಿಬಿಡಮ್ಮ,” ಎಂದೆ.

ಅವಳು ತನ್ನ ಕಂಪ್ಯೂಟರಿನಲ್ಲಿ ಎರಡು ಬೆಲೆ ತೋರಿಸಿದಳು. “ತಿಂಗಳಿಗೆ ಒಂದು ರೇಟು, ವರ್ಷಕ್ಕೆ ಒಂದು ರೇಟು. ವರ್ಷದ್ದು ತಗೊಂಡ್ರೆ ಅರ್ಧಕ್ಕರ್ಧ ಕಮ್ಮಿ ಬೀಳ್ತದೆ ಮೇಡಂ, ವರ್ಷದ್ದೇ—” ಎಂದವಳು ಅಲ್ಲಿಗೇ ನಿಲ್ಲಿಸಿದಳು.

“ಒಂದ್ ತಿಂಗಳು ಸಾಕಮ್ಮ ಹದಿನೇಳು,” ಎಂದರು ನಮ್ಮವರು.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಕೀಲಿಮಣೆಯತ್ತ ತಲೆ ಬಗ್ಗಿಸಿ ಏನೇನೋ ಟೈಪು ಮಾಡಿದಳು. ನಾನು ಹೊರಗೆ ಬಂದು ರಸ್ತೆಯಲ್ಲಿ ಹೋಗುವ ಆಟೋಗಳನ್ನು ನೋಡುತ್ತಾ ನಿಂತೆ. ಅಗ್ಗದ್ದು ಬಿಟ್ಟು ತುಟ್ಟಿಯದನ್ನು ಅವರು ತಾನಾಗಿ ಆರಿಸಿಕೊಂಡದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲು.

ದುಡ್ಡು ಕೊಟ್ಟದ್ದು ನಿಜಕ್ಕೂ ಒಳ್ಳೆಯ ಸಾಫ್ಟ್‌ವೇರು, ಸುಳ್ಳು ಹೇಳಬಾರದು. ಮುದ್ರೆ ಇಲ್ಲ. ಬೆಲ್ಲು ಇಲ್ಲ. ದನಿಯ ಹಿಂದಿನ ಗರಗರವನ್ನು ಅದೇ ಅಳಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದರಲ್ಲಿ ಒಂದು ಕತ್ತರಿ ಇತ್ತು. ಬೇಡದ ಭಾಗದ ಮೇಲೆ ಎಳೆದು ಒತ್ತಿದರೆ ಕತ್ತರಿಸಿ, ಎರಡು ತುದಿಯನ್ನೂ ಗುರುತು ಸಿಗದ ಹಾಗೆ ಹೊಲಿದುಬಿಡುತ್ತಿತ್ತು. ಮೇಷ್ಟ್ರ ಕೆಂಪು ಪೆನ್ನಿಗೆ ಜೀವ ಬಂದ ಹಾಗೆ. ನನಗೆ ಹಬ್ಬವಾಯಿತು.

ಅವರು ದಿನಾ ಬೆಳಿಗ್ಗೆ ಕೂತು, ಎಂದಿನ ಹಾಗೆ ನಲವತ್ತೆರಡೂ ನಂಬರಿನ ಹಾಜರಿ ತೆಗೆದುಕೊಂಡು, ಆಮೇಲೆ ಒಂದೋ ಎರಡೋ ಪಾಠ ಮಾಡುತ್ತಿದ್ದರು. ನಾನೀಗ ಅಡ್ಡಿ ಮಾಡುತ್ತಿರಲಿಲ್ಲ. ಹೇಗೂ ಕತ್ತರಿಸಬಹುದಲ್ಲ. ಪಾಠ ಶುರುವಾದಾಗ ಮಾತ್ರ ಪಕ್ಕದಲ್ಲಿ ಕೂತು ಕೈಸನ್ನೆ ಮಾಡುತ್ತಿದ್ದೆ. ತೆಲುಗು ಬಂದರೆ ಕೈ ಎತ್ತುತ್ತಿದ್ದೆ. ಅವರು ನಿಲ್ಲಿಸಿ, ನಾನು ಬರೆದುಕೊಟ್ಟ ವಾಕ್ಯ ಓದುತ್ತಿದ್ದರು. “ಇಲ್ಲಿ ನಾವು ಗಮನಿಸಬೇಕಾದ ಅಂಶವೇನೆಂದರೆ” ಎಂದು ಅವರು ಹುಟ್ಟಿದಾಗಿನಿಂದ ಹೇಳಿದವರಲ್ಲ. ನಾನು ಹೇಳಿಸಿದೆ. ಮಧ್ಯಾಹ್ನ ಅವರು ಮಲಗಿದಾಗ ಕೂತು ಹಾಜರಿ ಕತ್ತರಿಸಿದೆ, ಕೆಮ್ಮು ಕತ್ತರಿಸಿದೆ, “ಅರ್ಥ ಆಯ್ತೇನ್ಲಾ?” ಕತ್ತರಿಸಿದೆ. ಮೂಲ ಪ್ರತಿಯನ್ನು ಅಳಿಸಲೇ ಎಂದು ಅದು ಪ್ರತಿ ಸಲ ಕೇಳಿತು. ಜಾಗ ಉಳಿಯಲಿ ಎಂದು ಪ್ರತಿ ಸಲ ಹೌದು ಒತ್ತಿದೆ. ಹತ್ತೊಂಬತ್ತು ಪಾಠ. ಹತ್ತೊಂಬತ್ತು ಸಲ ಹೌದು.

ಆಪರೇಷನ್ನಿಗೆ ಎರಡು ದಿನ ಇರುವಾಗ ಕುರುಡುಮಲೆಗೆ ಹೋಗೋಣ ಎಂದರು. ಮುಳಬಾಗಿಲಲ್ಲಿ ಬಸ್ಸಿಳಿದು ಆಟೋದಲ್ಲಿ ಹೋದೆವು. ಪಬ್ಲಿಕ್ ಪರೀಕ್ಷೆಗೆ ಮೊದಲು ಪ್ರತಿ ವರ್ಷ ಅವರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಹಾಲ್ ಟಿಕೆಟ್ಟುಗಳ ಕಟ್ಟನ್ನು ಆ ದೊಡ್ಡ ಗಣಪತಿಯ ಮುಂದೆ ಇಟ್ಟು ಪೂಜೆ ಮಾಡಿಸುತ್ತಿದ್ದರು. ಒಳಗೆ ಹೋಗುವಾಗ ಒಂದು ಎಣಿಕೆ, ಹೊರಗೆ ಬರುವಾಗ ಒಂದು ಎಣಿಕೆ. ಅವತ್ತು ನಾವಿಬ್ಬರೇ. ಅವರು ಕತ್ತೆತ್ತಿ ಗಣಪತಿಯನ್ನು ನೋಡಿದರು, ಏನು ಕೇಳಿಕೊಂಡರೋ ಗೊತ್ತಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ತೆಂಗಿನಚೂರು ಮುರಿದು ನನ್ನ ಕೈಗಿಟ್ಟು, “ಪಾಠಗಳು ಚೆನ್ನಾಗಿ ಬಂದೈತಾ?” ಎಂದು ಕೇಳಿದರು. “ತುಂಬಾ ಶುದ್ಧವಾಗಿ ಬಂದಿದೆ,” ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಆಪರೇಷನ್ ಆಯಿತು. ಡಾಕ್ಟರು ಹೇಳಿದ ಹಾಗೆ ಪ್ರಾಣಕ್ಕೆ ಏನೂ ಆಗಲಿಲ್ಲ. ಮನೆಗೆ ಬಂದಾಗ ಕತ್ತಿಗೆ ಪಟ್ಟಿ, ಕೈಯಲ್ಲಿ ಒಂದು ಹಳೆಯ ಸ್ಲೇಟು. ಕಾಫಿ ಬೇಕಾದರೆ ‘ಕಾಫಿ’ ಎಂದು ಬರೆದು ತೋರಿಸುತ್ತಿದ್ದರು. ಸ್ಲೇಟಿನ ಮೇಲೆ ಅವರ ಕನ್ನಡದಲ್ಲಿ ಒಂದೂ ತಪ್ಪಿರಲಿಲ್ಲ. ತಿದ್ದಲು ನನಗೆ ಏನೂ ಉಳಿದಿರಲಿಲ್ಲ. ಮನೆ ಎಷ್ಟು ನಿಶ್ಶಬ್ದವಾಯಿತು ಎಂದರೆ, ಫ್ರಿಜ್ಜು ಅಷ್ಟು ಸದ್ದು ಮಾಡುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ.

ಒಂದು ಬೆಳಿಗ್ಗೆ ಅವರು ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಾಗ ನಾನು ಒಳಗೆ ಕೂತು ‘ಪಾಠ’ ಫೋಲ್ಡರು ತೆರೆದೆ. ಮೊದಲನೆಯದನ್ನು ಹಾಕಿದೆ. “ಇಲ್ಲಿ ನಾವು ಗಮನಿಸಬೇಕಾದ ಅಂಶವೇನೆಂದರೆ.” ದನಿ ಅವರದೇ. ಆದರೆ ಅದು ಅವರಲ್ಲ. ಎರಡನೆಯದು ಹಾಕಿದೆ, ಏಳನೆಯದು ಹಾಕಿದೆ, ಹತ್ತೊಂಬತ್ತನೆಯದು ಹಾಕಿದೆ. ಎಲ್ಲದರಲ್ಲೂ ನಾನೇ ಮಾತಾಡುತ್ತಿದ್ದೆ, ಅವರ ಗಂಟಲಿನಿಂದ. ಗರಗರ ಇಲ್ಲ, ಕೆಮ್ಮು ಇಲ್ಲ, ಕುಟ್ಟು ಇಲ್ಲ, ಯಾರನ್ನೂ ಊಟ ಆಯಿತಾ ಎಂದು ಕೇಳುವುದಿಲ್ಲ. ಮೂವತ್ತು ವರ್ಷ ತಿದ್ದಿ ತಿದ್ದಿ ಆಗದೆ ಇದ್ದದ್ದನ್ನು ಕೊನೆಯ ಎರಡು ವಾರದಲ್ಲಿ ಸಾಧಿಸಿಬಿಟ್ಟಿದ್ದೆ. ನನ್ನ ಕೈಯನ್ನೇ ಕಚ್ಚಿಕೊಳ್ಳುವಷ್ಟು ಸಂಕಟವಾಯಿತು. ಅವರಿಗೆ ಹೇಳಲಿಲ್ಲ. ಏನೆಂದು ಹೇಳುವುದು?

ತಿಂಗಳು ಮುಗಿಯುವ ದಿನ ಅಂಗಡಿಯವಳು ತಾನೇ ಮನೆಗೆ ಬಂದಳು. ಇವತ್ತು ನಿಲ್ಲಿಸದಿದ್ದರೆ ಸಾಫ್ಟ್‌ವೇರಿನವರು ಮುಂದಿನ ತಿಂಗಳಿಗೆ ತಾವಾಗಿಯೇ ದುಡ್ಡು ಎಳೆದುಕೊಳ್ಳುತ್ತಾರಂತೆ. ನಮ್ಮವರು ಕುರ್ಚಿಯಲ್ಲಿ ಕೂತಿದ್ದರು. ಅವಳು ಬಂದಾಗ ಕೈ ಎತ್ತಿ, ಬಾಯಿಯ ಹತ್ತಿರ ಐದು ಬೆರಳು ಕೂಡಿಸಿ ತೋರಿಸಿದರು. ಊಟ ಆಯಿತಾ ಎಂದು. “ಆಯ್ತು ಸಾರ್,” ಎಂದಳು.

ಲ್ಯಾಪ್‌ಟಾಪು ತೆರೆದು ಅವಳು ನಿಲ್ಲಿಸಬೇಕಾದದ್ದನ್ನು ನಿಲ್ಲಿಸಿದಳು. ಆಮೇಲೆ, “ಜಾಗ ಎಲ್ಲಾ ತುಂಬೋಗಿದೆ ಮೇಡಂ. ಇಲ್ಲಿ ‘ಕಸ’ ಅಂತ ಒಂದಿದೆಯಲ್ಲ, ಅಳಿಸ್ಬಿಡ್ಲಾ?” ಎಂದು ಕೇಳಿದಳು.

ಆ ಫೋಲ್ಡರನ್ನು ನಾನು ಮನಸ್ಸಿನಿಂದಲೇ ತೆಗೆದುಹಾಕಿದ್ದೆ. ಹಾಳಾದದ್ದು ಎಂದಷ್ಟೇ ನೆನಪು. “ಏನಿದೆಯೋ ಒಂದ್ಸಲ ನೋಡಿ ಅಳಿಸಮ್ಮ,” ಎಂದೆ.

ಅವಳು ಒತ್ತಿದಳು. ನಡುವೆ ಬೂದಿಬಣ್ಣದ ಮುದ್ರೆ. ಮೂಲೆಯಲ್ಲಿ ತಾರೀಖು, ಒಟ್ಟು, ಹಾಜರಿ. ಹಿಂದೆ ನಮ್ಮ ಫ್ಯಾನಿನ ಕರಕರ, ಬೀದಿಯಲ್ಲಿ ಸೊಪ್ಪಿನವಳ ಕೂಗು. ಅದರ ನಡುವೆ, ಗರಗರ ದನಿಯಲ್ಲಿ, “ಒಂದು.”

ಎರಡು ಆಯಿತು, ಮೂರು ಆಯಿತು. ಪ್ರತಿ ನಂಬರಿನ ನಂತರ ಕಾಯುವ ಹೊತ್ತು, ಆಮೇಲೆ ಒಂದು ಕುಟ್ಟು. ಒಂಬತ್ತರ ತಾತ, ಹನ್ನೊಂದರ ಮಾವಿನ ತೋಪು. ಇದನ್ನೇ ಅಲ್ಲವೇ ನಾನು ಹಾಳು ಎಂದದ್ದು ಎಂದುಕೊಂಡೆ. ಬೇಕಾಗಿದ್ದದ್ದೆಲ್ಲ ಆ ಹತ್ತು ನಿಮಿಷದಲ್ಲಿ ಇತ್ತು. ಹದಿನಾರು ಆಯಿತು.

“ಹದಿನೇಳು. ಏಮ್ಮಾ, ಹುಳ ಜ್ವರ ಎದ್ದವಾ?”

“ಎಸ್ ಸಾರ್.”

ಅವಳು ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿರಲಿಲ್ಲ. ವಿಡಿಯೊದಲ್ಲಿ ಕುಟ್ಟು ಕೇಳುವ ಮೊದಲೇ ಕುರ್ಚಿಯ ಮರದ ಕೈಗೆ ನಮ್ಮವರ ಗೆಣ್ಣು ಬಿತ್ತು. ಎರಡು ಕುಟ್ಟು, ಒಂದರ ಹಿಂದೆ ಒಂದು. “ಇವತ್ತು ನಿದ್ದೆ ಬಂದ್ರೆ ಹಿಂದಿನ ಬೆಂಚಲ್ಲಿ ಮಲಕ್ಕೋಮ್ಮ, ನಾನು ಏನೂ ಅನ್ನಲ್ಲ,” ಎಂದಿತು ಲ್ಯಾಪ್‌ಟಾಪು.

“ಹದಿನೆಂಟು.”

ನಮ್ಮವರು ತಿರುಗಿ ನನ್ನನ್ನೇ ನೋಡಿದರು. ಅವರ ಗೆಣ್ಣು ಕುರ್ಚಿಯ ಕೈಯಿಂದ ಎತ್ತಿದ್ದು ಹಾಗೇ ಇತ್ತು.

“ಎಸ್ ಸಾರ್,” ಎಂದೆ.

ಅಲ್ಲಿಂದ ಮುಂದಕ್ಕೆ ಒಂದು ನಂಬರಿಗೆ ಅವಳು, ಒಂದು ನಂಬರಿಗೆ ನಾನು. ಇಪ್ಪತ್ತಾರಕ್ಕೆ ಟಿಣ್ ಎಂದು ನಿಂತಿತು. ಮುಂದುವರಿಸಲು ಹಣ ಪಾವತಿಸಿ ಎಂದು ಬಂತು. ಅವಳು ಮುಖ ತಿರುಗಿಸಿ ದುಪಟ್ಟಾದಲ್ಲಿ ಮೂಗೊರೆಸಿಕೊಂಡಳು. ಫೋಲ್ಡರಿನ ಹೆಸರನ್ನಾದರೂ ಬದಲಿಸುತ್ತೇನೆ ಎಂದು ನಾನು ಕೀಲಿಮಣೆಗೆ ಕೈ ಹಾಕಿದರೆ ನಮ್ಮವರು ನನ್ನ ಕೈ ತಡೆದು, ಸ್ಲೇಟಿನಲ್ಲಿ ‘ಕಸ ಅಂತಲೇ ಇರಲಿ, ಯಾರೂ ಮುಟ್ಟಲ್ಲ’ ಎಂದು ಬರೆದು ತೋರಿಸಿದರು.

ಆಮೇಲೆ ಅದನ್ನು ಅಂಗೈಯಿಂದ ಒರೆಸಿ, ಮೂಲೆಯಲ್ಲಿ ತಾರೀಖು ಹಾಕಿದರು. ಕೆಳಗೆ ‘ಒಟ್ಟು 42’ ಎಂದು ಬರೆದರು. ಅದರ ಕೆಳಗೆ ‘ಹಾಜರಿ’ ಎಂದು ಬರೆದು, ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಮುಂದೆ 2 ಎಂದು ತುಂಬಿದರು. ಉಳಿದ ಜಾಗದಲ್ಲಿ ಒಂದು ಲಂಬಕೋನ ತ್ರಿಭುಜ ಎಳೆದು, ಎರಡು ಬಾಹುಗಳ ಅಳತೆ ಹಾಕಿ, ಮೂರನೆಯದರ ಪಕ್ಕ ಪ್ರಶ್ನೆ ಚಿಹ್ನೆ ಇಟ್ಟು ಸ್ಲೇಟನ್ನು ನನ್ನ ಕೈಗೆ ಕೊಟ್ಟರು. ಗಣಿತದಲ್ಲಿ ನಾನು ಯಾವತ್ತೂ ಹಿಂದೆ. ಬಳಪ ಹಿಡಿದು ಕೂತೆ.